ಅತ್ತೆಯ ಬಣ್ಣ, ಮಾವನ ಕಣ್ಣು

ನಾನು ಸೊಸೆಯಾಗಿ ಆ ಮನೆಗೆ ಬಂದ ಮೂರನೆಯ ದಿನ ಅತ್ತೆ ನನ್ನನ್ನು ಕಿಟಕಿಯ ಹತ್ತಿರ ಕರೆದರು. ನನ್ನ ಅಂಗಿಯ ತೋಳನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಗುಂಡಿಗೆ ಹಾಕಿದ್ದ ದಾರವನ್ನು ಹಲ್ಲಿನಿಂದ ಕಚ್ಚಿ ಕಿತ್ತುಬಿಟ್ಟರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅತ್ತೆಯ ಕಾಲ ಇಷ್ಟು ಬೇಗ ಶುರುವಾಯಿತೇ ಎಂದುಕೊಂಡೆ.

"ಬಟ್ಟೆ ಬಾದಾಮಿ, ದಾರ ಬೆಣ್ಣೆ," ಎಂದರು ಅವರು. "ಒಂದರ ಮುಖ ಇನ್ನೊಂದು ನೋಡ್ತಿಲ್ಲ. ಮೂರು ದಿನದಿಂದ ಇದನ್ನ ನೋಡಿ ನೋಡಿ ನಂಗೆ ಸಮಾಧಾನಾನೇ ಇಲ್ಲ ಕಣಮ್ಮ."

ಹತ್ತು ನಿಮಿಷದಲ್ಲಿ ಸರಿಯಾದ ದಾರ ಹುಡುಕಿ ಗುಂಡಿ ಹಾಕಿ ಕೊಟ್ಟರು. ಮೊದಲಿದ್ದ ದಾರಕ್ಕೂ ಈ ದಾರಕ್ಕೂ ನನಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಆದರೆ ಅತ್ತೆಯ ಮುಖದಲ್ಲಿ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರನ್ನು ಒಂದು ಮಾಡಿದವರ ನೆಮ್ಮದಿಯಿತ್ತು.

ಅವರು ಇಪ್ಪತ್ತಾರು ವರ್ಷ ದಾರ ಗುಂಡಿಗಳ ಅಂಗಡಿಯಲ್ಲಿ ಕೆಲಸ ಮಾಡಿದವರು. ಟೈಲರುಗಳು ಬಟ್ಟೆಯ ಚೂರು ತಂದು ಮೇಜಿನ ಮೇಲಿಟ್ಟರೆ ಸಾಕು, ಅತ್ತೆ ಅದನ್ನು ಒಮ್ಮೆ ನೋಡಿ, ಚೂರನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ ಹಿಂದಿನ ಕಪಾಟಿಗೆ ಹೋಗಿ ನಾನೂರು ಉಂಡೆಗಳ ನಡುವಿನಿಂದ ಒಂದನ್ನು ಎತ್ತಿ ತರುತ್ತಿದ್ದರಂತೆ. ಎರಡನೆಯದನ್ನು ತಂದು ಹೋಲಿಸಿ ನೋಡುವ ಪದ್ಧತಿಯೇ ಇರಲಿಲ್ಲ. ಅಂಗಡಿಯ ಯಜಮಾನರಿಗೆ ವಯಸ್ಸಾಗಿ ಅವರು ಬಾಗಿಲು ಹಾಕಿದ ಮೇಲೆ ಅತ್ತೆ ಮನೆಯಲ್ಲಿ ಉಳಿದರು. ಕೈಗೆ ಕೆಲಸವಿಲ್ಲದಿದ್ದರೆ ನಡೆಯುತ್ತದೆ, ಅತ್ತೆಯ ಕಣ್ಣಿಗೆ ಕೆಲಸವಿಲ್ಲದಿದ್ದರೆ ಮನೆಯಲ್ಲಿ ಯಾರಿಗೂ ಉಳಿಗಾಲವಿರಲಿಲ್ಲ. ಒಗೆದ ಬಟ್ಟೆಗಳನ್ನು ತಿಳಿ ಬಣ್ಣದಿಂದ ಗಾಢ ಬಣ್ಣದವರೆಗೆ ಸಾಲಾಗಿ ಒಣಗಿಸುತ್ತಿದ್ದರು. ಬಸ್ ನಿಲ್ದಾಣದಲ್ಲಿ ಗುರುತು ಪರಿಚಯವಿಲ್ಲದವರ ಕೋಟಿನ ಜೇಬು ಹಿಡಿದು, ಈ ತೇಪೆ ಯಾರು ಹಾಕಿದ್ದು ಎಂದು ವಿಚಾರಿಸುತ್ತಿದ್ದರು.

ಮಾವ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಮನೆಯ ಮುಂದಿನ ಕೋಣೆಯೇ ಅವರ ಕೆಲಸದ ಜಾಗ. ಅಂಟಿನ ಪಾತ್ರೆ, ದಬ್ಬಳ, ಕಾಗದ ಕತ್ತರಿಸುವ ದೊಡ್ಡ ಕತ್ತಿ, ಪುಸ್ತಕ ಒತ್ತಿಡುವ ಕಬ್ಬಿಣದ ಒತ್ತುಯಂತ್ರ. ಅಳೆದು ತೂಗಿ ಮಾತಾಡುವ ಮನುಷ್ಯ. ಹೆಂಡತಿ ಅವರ ಪುಸ್ತಕಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿಟ್ಟ ದಿನವೂ ಅವರು ಸಿಟ್ಟಾಗಲಿಲ್ಲ. ಚೆನ್ನಾಗಿದೆ ಎಂದು ತಲೆಯಾಡಿಸಿ, ಒಂದು ಪುಸ್ತಕಕ್ಕಾಗಿ ಮಧ್ಯಾಹ್ನವಿಡೀ ಹುಡುಕಿದರು.

ಮೇಣದ ಬತ್ತಿಯ ಕತೆ ಶುರುವಾದದ್ದು ಕರೆಂಟು ಹೋದ ಒಂದು ಸಂಜೆ. ನಾನು ಅಂಗಡಿಯಿಂದ ತಂದಿದ್ದ ಕೆಂಪು ಮೇಣದ ಬತ್ತಿ ಹಚ್ಚಿಟ್ಟೆ. ಅತ್ತೆ ಅದನ್ನೇ ದಿಟ್ಟಿಸಿ, ಉಗುರಿನಿಂದ ಕೆರೆದರು. ಒಳಗೆ ಬಿಳಿ.

"ನೋಡು, ಮೇಲೆ ಮಾತ್ರ ಬಳ್ಕೊಂಡಿದೆ," ಎಂದು ನನ್ನ ಕಡೆ ತಿರುಗಿದರು. "ಒಳಗೂ ಹೊರಗೂ ಒಂದೇ ಬಣ್ಣ ಇರೋ ಹಾಗೆ ಮಾಡೋಕೆ ಏನು ಕಷ್ಟ ಇವರಿಗೆ?"

ಏನು ಕಷ್ಟ ಎಂಬುದು ಮುಂದಿನ ಹದಿನೈದು ದಿನಗಳಲ್ಲಿ ನಮಗೆಲ್ಲ ಗೊತ್ತಾಯಿತು. ಮೊದಲು ಅಡುಗೆಗೆ ಹಾಕುವ ಬಣ್ಣ ತಂದು ಕರಗಿದ ಮೇಣಕ್ಕೆ ಸುರಿದರು. ನೀರಿನ ಬಣ್ಣ ಮೇಣದ ಜೊತೆ ಸೇರುತ್ತದೆಯೇ? ಅದು ಮಣಿ ಮಣಿಯಾಗಿ ತಳಕ್ಕೆ ಇಳಿದು ಕೂತಿತು. ಆಮೇಲೆ ನಾನು ಪಾಠ ಹೇಳುವ ಶಾಲೆಯಿಂದ ಮಕ್ಕಳು ಬಿಸಾಡಿದ ಕ್ರೇಯಾನ್ ತುಂಡುಗಳನ್ನು ತರಿಸಿಕೊಂಡರು. ಬಣ್ಣವೇನೋ ಬಂತು. ಆದರೆ ಬತ್ತಿಯ ದಾರದಲ್ಲಿ ಆ ಬಣ್ಣ ಕಟ್ಟಿಕೊಂಡು, ದೀಪ ಎರಡು ಸಲ ಚಟಗುಟ್ಟಿ, ಕೆಮ್ಮಿದ ಹಾಗೆ ಮಾಡಿ ನಂದಿಹೋಯಿತು. ಕೊನೆಗೆ ಊರ ಆ ತುದಿಯಲ್ಲಿದ್ದ ಬಣ್ಣದ ಪುಡಿಯ ಅಂಗಡಿಗೆ ಹೋದರು. ಅಲ್ಲಿನ ಮುದುಕ ಯಜಮಾನ ಎಲ್ಲ ಕೇಳಿ, ನಿಮಗೆ ಬೇಕಾದದ್ದು ಎಣ್ಣೆಯಲ್ಲಿ ಕರಗುವ ಬಣ್ಣ ಎಂದು ಹೇಳಿ, ಕೆಂಪು, ಹಳದಿ, ನೀಲಿ, ಕಪ್ಪು ಎಂದು ನಾಲ್ಕು ಪುಟ್ಟ ಡಬ್ಬಿ ಕೊಟ್ಟ. ಹಲ್ಲುಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಸಾಕು, ಅದಕ್ಕಿಂತ ಹೆಚ್ಚಾದರೆ ನಾನು ಜವಾಬ್ದಾರನಲ್ಲ ಎಂದೂ ಹೇಳಿ ಕಳಿಸಿದ.

ಅತ್ತೆ ಕೆಂಪು ಡಬ್ಬಿಯ ಮುಚ್ಚಳ ತೆಗೆದ ಹೊತ್ತಿಗೇ ಸರಿಯಾಗಿ ನನ್ನ ಗಂಡ ಸೀನಿದ. ಆ ಕ್ಷಣ ಏನೂ ಆದಂತೆ ಕಾಣಲಿಲ್ಲ. ಪುಡಿ ಅಷ್ಟು ನುಣುಪು, ಗಾಳಿಯಲ್ಲಿ ಕಾಣದ ಹಾಗೆ ಹರಡಿಕೊಂಡಿತು. ಅರ್ಧ ಗಂಟೆಯಲ್ಲಿ ಬಾಗಿಲ ಹಿಡಿಗಳು ಕೆಂಪಾದವು, ಟವೆಲು ಕೆಂಪಾಯಿತು, ಸೋಪು ಕೆಂಪಾಯಿತು. ಮೀಟರ್ ರೀಡಿಂಗಿಗೆ ಮನೆ ಮನೆ ಸುತ್ತುವ ನನ್ನ ಗಂಡ ಮರುದಿನ ಒಂದು ಕಿವಿ ಕೆಂಪಗೆ ಮಾಡಿಕೊಂಡೇ ಕೆಲಸಕ್ಕೆ ಹೋದ. ಯಾರ ಕೈಯಲ್ಲಿ ಕಿವಿ ಹಿಂಡಿಸಿಕೊಂಡೆ ಎಂದು ದಾರಿಯುದ್ದಕ್ಕೂ ಕೇಳಿಸಿಕೊಂಡು ಬಂದ. ನಡುಮನೆಯ ಹಸಿರು ಗೋಡೆಯ ಮೇಲೆ ಅತ್ತೆಯ ಇಡೀ ಅಂಗೈ ಮೂಡಿತ್ತು. ಅದರ ಕೆಳಗೇ ಕುರ್ಚಿ ಹಾಕಿಕೊಂಡು ಮಾವ ತಣ್ಣಗೆ ಪೇಪರು ಓದುತ್ತಿದ್ದರು. ಗೋಡೆ ನೋಡಿದಿರಾ ಎಂದು ನಾನು ಕೇಳಿದ್ದಕ್ಕೆ ತಲೆಯೆತ್ತಿ ನೋಡಿ, ಏನಾಗಿದೆ, ಚೆನ್ನಾಗೇ ಇದೆಯಲ್ಲ ಎಂದರು. ಎಂಥ ತಾಳ್ಮೆಯ ಮನುಷ್ಯ, ಇಂಥ ಮಾವ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡೆ.

ಆಮೇಲೆ ಅತ್ತೆ ಹುಷಾರಾದರು. ಪುಡಿಯನ್ನು ಒಮ್ಮೆಗೇ ಸ್ವಲ್ಪ ಮೇಣದಲ್ಲಿ ಗಾಢವಾಗಿ ಕರಗಿಸಿ, ನಾಣ್ಯದ ಗಾತ್ರದ ಬಿಲ್ಲೆಗಳನ್ನಾಗಿ ಎರಕ ಹೊಯ್ದು ಡಬ್ಬಿಗಳಲ್ಲಿ ತುಂಬಿಟ್ಟರು. ಬೇಕಾದಾಗ ಬಿಲ್ಲೆಯನ್ನು ಚಾಕುವಿನಿಂದ ಹೆರೆದು ಕರಗಿದ ಮೇಣಕ್ಕೆ ಹಾಕಿದರಾಯಿತು, ಸೀನಿನ ಭಯವಿಲ್ಲ. ಮೇಣ ಬಿಸಿಯಾಗಿದ್ದಾಗ ತೋರಿಸುವ ಬಣ್ಣ ಶುದ್ಧ ಸುಳ್ಳು ಎಂಬುದನ್ನೂ ಕಲಿತರು. ಪಾತ್ರೆಯಲ್ಲಿ ಕಡು ನೀಲಿಯಾಗಿ ಕಂಡದ್ದು ಆರಿದ ಮೇಲೆ ಮೋಡದ ಹಾಗೆ ತೆಳುವಾಗುತ್ತದೆ. ಅದಕ್ಕಾಗಿ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು, ಅದು ಆರುವ ತನಕ ಕೈಕಟ್ಟಿ ನಿಂತು, ಆಮೇಲೆ ಮುಂದಿನ ಮಾತು. ಒಂದು ದಪ್ಪ ನೋಟುಪುಸ್ತಕದಲ್ಲಿ ಪ್ರತಿ ಬಣ್ಣದ ಅಳತೆಯನ್ನೂ ಬರೆದು ಪಕ್ಕದಲ್ಲಿ ಆ ಹನಿಯನ್ನು ಅಂಟಿಸುತ್ತಿದ್ದರು. ಹೆಸರುಗಳೂ ಅವರವೇ. 'ಎದುರು ಮನೆ ಬಾಗಿಲು, ಮಳೆಯಲ್ಲಿ'. 'ಸ್ಟೇಷನ್ ಬೆಂಚು'. 'ನೆಗಡಿಯ ಮೂಗು'. ಒಂದು ಪುಟದಲ್ಲಿ ಗುಲಾಬಿಗೂ ಕೆಂಪಿಗೂ ನಡುವಿನ ಒಂದು ಬಣ್ಣಕ್ಕೆ 'ಸೊಸೆಯ ಸಿಟ್ಟು' ಎಂದು ಬರೆದಿದ್ದು ನನ್ನ ಕಣ್ಣಿಗೆ ಬಿತ್ತು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಅತ್ತೆ ನನ್ನ ಕೆನ್ನೆಯ ಪಕ್ಕ ಪುಸ್ತಕ ಹಿಡಿದು ಹೋಲಿಸಿ ನೋಡಿ, ಸರಿಯಾಗಿದೆ ಎಂದು ಗುರುತು ಹಾಕಿಕೊಂಡರು.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಎದುರಿನ ಕ್ಷೌರದಂಗಡಿಯವನು ತನ್ನ ಹೊಸ ಕುರ್ಚಿಯ ಬಣ್ಣದ ಮೇಣದ ಬತ್ತಿ ಬೇಕೆಂದ. ನಿವೃತ್ತ ಬಸ್ ಡ್ರೈವರೊಬ್ಬರು ಬೆಂಕಿಪೊಟ್ಟಣದಲ್ಲಿ ಒಂದು ಪೇಂಟಿನ ಚಕ್ಕೆ ತಂದರು. ಹದಿನೆಂಟು ವರ್ಷ ಓಡಿಸಿದ ಬಸ್ಸನ್ನು ಗುಜರಿಗೆ ಹಾಕುವಾಗ ಉಗುರಿನಲ್ಲಿ ಕೆರೆದಿಟ್ಟುಕೊಂಡಿದ್ದರಂತೆ. ಅತ್ತೆ ನಾಲ್ಕು ದಿನ ಒದ್ದಾಡಿ ಆ ಹಳದಿಯನ್ನು ಹಿಡಿದರು. ಹೊಗೆ ಕುಡಿದ ಹಳದಿ ಅದು. ಬೂದು ಹಾಕಿದರೆ ಸತ್ತುಹೋಗುತ್ತಿತ್ತು, ಹಾಕದಿದ್ದರೆ ಹೊಸ ಬಸ್ಸಿನ ಹಾಗೆ ಹೊಳೆಯುತ್ತಿತ್ತು. ಡ್ರೈವರು ಮೇಣದ ಬತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿ, ಹಾರನ್ ಒಂದು ಕಡಿಮೆ ಅಷ್ಟೇ ಅಂದರು. ಅತ್ತೆ ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ನೆನೆಸಿಕೊಂಡು ನೆನೆಸಿಕೊಂಡು ನಗುತ್ತಿದ್ದರು.

ಹೀಗಿರುವಾಗ ದೊಡ್ಡ ಕೆಲಸವೊಂದು ಬಂತು. ಊರಲ್ಲಿ ಹೊಸದೊಂದು ವಸತಿಗೃಹ ಶನಿವಾರ ತೆರೆಯುವುದಿತ್ತು. ಅದರ ಒಡತಿ ಎತ್ತರದ ಹೆಂಗಸು, ಕೈಚೀಲದಲ್ಲಿ ಯಾವಾಗಲೂ ಅಳತೆಯ ಟೇಪು. ನಾವು ಅವರಿಗೆ ಅಳತೆ ಮೇಡಂ ಎಂದೇ ಹೆಸರಿಟ್ಟಿದ್ದೆವು. ಊಟದ ಮನೆಯ ಪರದೆಯ ಒಂದು ತುಂಡು ಕೊಟ್ಟು, ಇದೇ ಬಣ್ಣದ ನೂರ ಅರವತ್ತು ಮೇಣದ ಬತ್ತಿ ಬೇಕು, ಒಂದೊಂದೂ ಗೇಣುದ್ದ, ಶನಿವಾರ ನಾಲ್ಕು ಗಂಟೆಗೆ ಎಂದರು. ಮಾಸಿದ ಹಸಿರು ಅದು, ನೆರಳಿನಲ್ಲಿ ಬೆಳೆದ ಎಲೆಯ ಬೆನ್ನಿನ ಹಾಗೆ. ಅತ್ತೆ ಬುಧವಾರದ ಹೊತ್ತಿಗೆ ಬಣ್ಣ ಹಿಡಿದು, ಅದರ ಬಿಲ್ಲೆಗಳನ್ನು ಮಾಡಿ, ಅಳತೆ ಬರೆದು ಮುಗಿಸಿದರು. ಎರಕ ಹೊಯ್ಯುವುದೊಂದೇ ಬಾಕಿ.

ಗುರುವಾರ ಬೆಳಿಗ್ಗೆ ಅತ್ತೆಯ ದವಡೆ ಹಲ್ಲು ಕೈಕೊಟ್ಟಿತು. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಹಲ್ಲಿನ ಡಾಕ್ಟರು ಹಲ್ಲು ಕಿತ್ತು, ಬಾಯಿಗೆ ಹತ್ತಿ ಗಿಡಿದು, ರಾತ್ರಿಯ ತನಕ ಬಾಯಿ ತೆಗೆಯಬಾರದು, ಮಾತಂತೂ ಬೇಡವೇ ಬೇಡ ಎಂದು ಕಟ್ಟಪ್ಪಣೆ ಮಾಡಿ ಕಳಿಸಿದರು. ಮಾವ ಹೆಂಡತಿಯನ್ನು ಮಲಗಿಸಿ, ಹೊದಿಕೆ ಹೊದಿಸಿ, ಎರಕದ ಕೆಲಸ ನಾನು ನೋಡಿಕೊಳ್ಳುತ್ತೇನೆ, ಪುಸ್ತಕದಲ್ಲಿ ಎಲ್ಲ ಬರೆದಿದೆಯಲ್ಲ ಎಂದರು. ನಲವತ್ತು ವರ್ಷ ಅಂಟು ಕಾಯಿಸಿದ ಕೈ, ಒಂದು ಹನಿ ಆಚೀಚೆ ಆಗುವುದಿಲ್ಲ. ಅತ್ತೆ ಒಪ್ಪಿ ಕಣ್ಣು ಮುಚ್ಚಿದರು. ನಾನು ಶಾಲೆಗೆ ಹೊರಡುವ ಮೊದಲು ಉಪಕಾರ ಮಾಡುವ ಬುದ್ಧಿಯಿಂದ ಡಬ್ಬಿಗಳ ಧೂಳು ಒರೆಸಿ, ಮುಚ್ಚಳಗಳನ್ನು ತೊಳೆದು ಒಣಗಿಸಿ ಹಾಕಿ ಹೋದೆ. ಡಬ್ಬಿಗಳೆಲ್ಲ ಒಂದೇ ಅಳತೆಯವು, ಹೆಸರು ಬರೆದದ್ದು ಮುಚ್ಚಳದ ಮೇಲೆ. ಇಷ್ಟು ಹೇಳಿದರೆ ಮುಂದಿನದು ನಿಮಗೆ ಗೊತ್ತಾಗಿರಬೇಕು.

ಸಂಜೆ ನಾನು ಮನೆಗೆ ಬಂದಾಗ ನಡುಮನೆಯ ನೆಲದ ಮೇಲೆ, ಪತ್ರಿಕೆಗಳ ಹಾಸಿನ ಮೇಲೆ, ನೂರ ಅರವತ್ತು ಮೇಣದ ಬತ್ತಿ ಸೈನ್ಯದ ಹಾಗೆ ನಿಂತಿದ್ದವು. ಒಂದರ ತಲೆ ಇನ್ನೊಂದಕ್ಕಿಂತ ಎತ್ತರವಿಲ್ಲ, ಎಲ್ಲೂ ಗುಳ್ಳೆಯಿಲ್ಲ, ಅಂಚುಗಳು ಕತ್ತರಿಸಿದ ಪುಸ್ತಕದ ಹಾಗೆ ನೆಟ್ಟಗೆ. ಎಲ್ಲವೂ ಸುಟ್ಟ ಇಟ್ಟಿಗೆಯ ಬಣ್ಣ.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಗೋಡೆ ಹಿಡಿದುಕೊಂಡು ಕೋಣೆಯಿಂದ ಹೊರಗೆ ಬಂದರು. ಮಾವ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತರು. ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅತ್ತೆ ಸೈನ್ಯವನ್ನು ನೋಡಿದರು. ಹತ್ತಿ ತುಂಬಿದ ಬಾಯಿಂದ ಊಂ ಊಂ ಎಂದು ಒಂದು ಸದ್ದು ಬಂತು. ಮಾವ ಅದನ್ನು ಮೆಚ್ಚುಗೆ ಎಂದುಕೊಂಡು, ಅಷ್ಟೇನಿಲ್ಲ, ಎಲ್ಲ ನಿನ್ನ ಪುಸ್ತಕದ ಪುಣ್ಯ ಎಂದರು. ಅತ್ತೆ ಎರಡೂ ಕೈ ಆಡಿಸಿದರು. ಮಾವ ಇನ್ನಷ್ಟು ನಾಚಿಕೊಂಡರು. ಕೊನೆಗೆ ಅತ್ತೆ ನನ್ನ ಶಾಲೆಯ ಚೀಲದಿಂದ ಸ್ಲೇಟು ಎಳೆದುಕೊಂಡು ದೊಡ್ಡದಾಗಿ ಬರೆದರು: ಇದು ಯಾವ ಬಣ್ಣ?

"ಹಸಿರು," ಎಂದರು ಮಾವ. "ನೀನೇ ಹೇಳಿದ್ದಲ್ವಾ, ಮಾಸಿದ ಹಸಿರು."

ಅತ್ತೆ ಅಳಿಸಿ ಬರೆದರು: ಇನ್ನೊಂದು ಸಲ ನೋಡಿ.

ಮಾವ ಬಗ್ಗಿ ಒಂದು ಮೇಣದ ಬತ್ತಿ ಎತ್ತಿಕೊಂಡು, ಕಿಟಕಿಯ ಹತ್ತಿರ ಒಯ್ದು ತಿರುಗಿಸಿ ನೋಡಿದರು. ಪರದೆಯ ತುಂಡನ್ನು ಅದರ ಪಕ್ಕ ಹಿಡಿದರು. ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕುರ್ಚಿಯ ಮೇಲೆ ಕೂತರು.

"ಹಸಿರಲ್ವಾ?" ಎಂದರು.

ಅತ್ತೆ ಗೋಡೆಯ ಕಡೆ ಬೆರಳು ತೋರಿಸಿದರು. ಹಸಿರು ಗೋಡೆಯ ಮೇಲೆ ಆ ಕೆಂಪು ಅಂಗೈ ಇನ್ನೂ ಹಾಗೇ ಇತ್ತು, ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಅಲ್ಲಿ ಏನು ಕಾಣುತ್ತದೆ ಎಂದು ನಾನು ಕೇಳಿದೆ. ಗೋಡೆ ಕಾಣುತ್ತದೆ ಎಂದರು ಮಾವ.

ಅತ್ತೆ ನೆಲದ ಮೇಲೆ ಕುಸಿದು ಕೂತರು. ಅಳುತ್ತಿದ್ದಾರೆ ಎಂದು ನಾನು ಓಡಿಹೋದೆ. ಅವರು ನಗುತ್ತಿದ್ದರು. ಬಾಯಿ ತೆಗೆಯುವ ಹಾಗಿಲ್ಲ, ಊದಿದ ಕೆನ್ನೆ ಅಲುಗಿದರೆ ಜೀವ ಹೋಗುವಷ್ಟು ನೋವು. ಕೆನ್ನೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಮೂಗಿನಲ್ಲೇ ನಕ್ಕು, ಕಣ್ಣಲ್ಲಿ ಧಾರಾಕಾರ ನೀರು. ಅವರನ್ನು ನೋಡಿ ನನಗೆ ನಗು ತಡೆಯಲಿಲ್ಲ. ಮಾವ ಇಬ್ಬರನ್ನೂ ನೋಡಿ ತಾವೂ ನಕ್ಕರು. ಆ ನಗುವಿನಲ್ಲಿ ಮುಚ್ಚಳ ತೊಳೆದದ್ದು ನಾನೇ ಎಂದು ಒಪ್ಪಿಕೊಂಡುಬಿಟ್ಟೆ. ಬೇರೆ ದಿನವಾಗಿದ್ದರೆ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಆಮೇಲೆ ಶುರುವಾಯಿತು ವಿಚಾರಣೆ. ಮದುವೆಯಾಗಿ ಮೂವತ್ತೊಂದು ವರ್ಷ. ಈ ಮನುಷ್ಯ ಹೆಂಡತಿಯ ಒಂದೊಂದು ಹೊಸ ಬಟ್ಟೆಗೂ, ಒಂದೊಂದು ಮೇಣದ ಬತ್ತಿಗೂ ಬಾಯಿ ತುಂಬ ಬಣ್ಣ ಚೆನ್ನಾಗಿದೆ ಎಂದವರು. ಅತ್ತೆ ಸ್ಲೇಟಿನ ಮೇಲೆ ಪ್ರಶ್ನೆ ಬರೆದರು, ಮಾವ ಒಂದೊಂದಕ್ಕೂ ತಲೆ ತಗ್ಗಿಸಿ ಉತ್ತರ ಕೊಟ್ಟರು. ಸಿಗ್ನಲ್ ದೀಪ ಹೇಗೆ ಗೊತ್ತಾಗುತ್ತದೆ? ಮೇಲಿನದೋ ಕೆಳಗಿನದೋ ನೋಡಿ. ಟೊಮೆಟೊ ಹಣ್ಣಾಗಿದೆಯೆಂದು? ಒತ್ತಿ ನೋಡಿ. ರಟ್ಟಿಗೆ ಬಟ್ಟೆ ಅಂಟಿಸುವಾಗ? ಬಟ್ಟೆಯ ಸುರುಳಿಗಳ ಮೇಲೆ ಗಿರಾಕಿಗಳ ಕೈಯಲ್ಲೇ ಹೆಸರು ಬರೆಸಿಕೊಂಡು. ಹಾಗಾದರೆ ನನ್ನ ನೀಲಿ ಶಾಲು? ಅದು ಕಾಣುತ್ತದೆ, ನೀಲಿ ಮತ್ತು ಹಳದಿಗೆ ಏನೂ ತೊಂದರೆಯಿಲ್ಲ, ಕೆಂಪು ಹಸಿರು ಕಂದುಗಳೆಲ್ಲ ಮಾತ್ರ ಒಂದೇ ಮನೆಯ ಮಕ್ಕಳ ಹಾಗೆ.

ಅತ್ತೆ ಒಂದು ಕ್ಷಣ ಯೋಚಿಸಿ ಬರೆದರು: ಹಾಗಾದರೆ ಅಂಗಡಿಗೆ ದಿನಾ ಬರುತ್ತಿದ್ದುದು?

ಇದರ ಹಿನ್ನೆಲೆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಮಾವ ಹುಡುಗರಾಗಿದ್ದಾಗ ಅದೇ ಬೀದಿಯ ರಟ್ಟಿನ ಅಂಗಡಿಯಲ್ಲಿದ್ದರು. ದಾರದ ಅಂಗಡಿಗೆ ದಿನಾ ಹೋಗಿ ಒಂದೇ ಒಂದು ಉಂಡೆ ತರುತ್ತಿದ್ದರು. ಆ ಹುಡುಗ ದಾರಕ್ಕಲ್ಲ, ನಿನಗೆ ಗಂಟು ಬಿದ್ದಿದ್ದಾನೆ ಎಂದು ಜೊತೆಯವರು ಅತ್ತೆಯನ್ನು ಕೆಣಕುತ್ತಿದ್ದರು. ಆ ಕತೆಯನ್ನು ಅತ್ತೆ ಹೆಮ್ಮೆಯಿಂದ ನನಗೆ ಹತ್ತು ಸಲ ಹೇಳಿದ್ದರು.

ಮಾವ ಸ್ಲೇಟನ್ನು ಓದಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು. "ಮೊದಲ ತಿಂಗಳು ದಾರಕ್ಕೇ ಬಂದಿದ್ದು. ನಾನೇ ಆರಿಸಿದ್ರೆ ತಪ್ಪಾಗ್ತಿತ್ತು, ಯಜಮಾನ್ರು ಬೈತಿದ್ರು. ಬೇರೆ ಅಂಗಡೀಲೆಲ್ಲ ನೀವೇ ಆರಿಸ್ಕೊಳ್ಳಿ ಅಂತ ಡಬ್ಬ ಮುಂದೆ ತಳ್ಳೋರು. ನೀನೊಬ್ಳೇ ನನ್ನ ಕೇಳದೆ ಸರಿಯಾದ್ದು ತಂದು ಕೊಡ್ತಿದ್ದೆ."

ಅತ್ತೆ ಎರಡು ಬೆರಳು ಎತ್ತಿ ತೋರಿಸಿದರು. ಎರಡನೆಯ ತಿಂಗಳು?

"ಎರಡನೇ ತಿಂಗಳು ನಂಗೆ ದಾರ ಬೇಕಾಗಿರ್ಲಿಲ್ಲ ಕಣೆ. ಆ ಉಂಡೆಗಳು ಇನ್ನೂ ಅಟ್ಟದ ಮೇಲಿವೆ."

ಹತ್ತಿ ಇರಲಿ, ಡಾಕ್ಟರ ಅಪ್ಪಣೆ ಇರಲಿ, ಅತ್ತೆ ಬಾಯಿ ತೆರೆದೇ ನಕ್ಕರು. ಇಷ್ಟು ವರ್ಷ ಏಕೆ ಮುಚ್ಚಿಟ್ಟಿರಿ ಎಂದು ನಾನು ಕೇಳಿದೆ. ನಾನೂರು ಬಣ್ಣ ಗುರುತು ಹಿಡಿಯುವವಳ ಮುಂದೆ ನನಗೆ ನಾಲ್ಕು ಕಾಣುತ್ತವೆ ಎಂದು ಹೇಗೆ ಹೇಳಲಿ ಎಂದರು ಮಾವ. ಮೊದಲ ವರ್ಷ ನಾಚಿಕೆ, ಆಮೇಲೆ ತಡವಾಗಿಹೋಯಿತು.

ಶುಕ್ರವಾರ ಮನೆ ಕಾರ್ಖಾನೆಯಾಯಿತು. ನಾನು ಶಾಲೆಗೆ ರಜೆ ಹಾಕಿದೆ, ನನ್ನ ಗಂಡನೂ ಹಾಕಿದ. ಇಟ್ಟಿಗೆ ಬಣ್ಣವನ್ನು ಕರಗಿಸಿ ಹಸಿರು ಮಾಡುವುದು ಮೊಸರನ್ನು ಮತ್ತೆ ಹಾಲು ಮಾಡಿದ ಹಾಗೆ, ಆಗುವ ಮಾತಲ್ಲ. ಹೊಸ ಮೇಣ ತಂದೆವು. ಒಂದು ಸಲಕ್ಕೆ ಇಪ್ಪತ್ತು ಅಚ್ಚು, ಒಟ್ಟು ಎಂಟು ಸಲ. ಅತ್ತೆ ಒಂದು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಬಣ್ಣ ಹೆರೆದರು, ನಾನು ಬತ್ತಿಯ ದಾರ ಎಳೆದು ಕಟ್ಟಿದೆ, ಮಾವ ಹೊಯ್ದರು. ಅತ್ತೆಯ ಕೈ ಸೋತಾಗ ನನ್ನ ಗಂಡ ಚಮಚ ತೆಗೆದುಕೊಂಡ. ಸಂಜೆ ನಾಲ್ಕಕ್ಕೆ ಎಂಟೂ ಎರಕ ಮುಗಿದು, ಮೇಣದ ಬತ್ತಿಗಳು ಅಚ್ಚಿನಿಂದ ಹೊರಬಂದು ಸಾಲಾಗಿ ನಿಂತವು. ಎಲ್ಲ ಹಸಿರು. ಅತ್ತೆ ಊತ ಇಳಿಯದ ಕಣ್ಣಿನಲ್ಲೇ ಪರದೆಯ ತುಂಡು ಹಿಡಿದು ಸಾಲಿನುದ್ದಕ್ಕೂ ಹೋಗಿ ಬಂದು, ಆಯಿತು, ಎಲ್ಲ ಒಂದೇ ಎಂದು ನಿಟ್ಟುಸಿರು ಬಿಟ್ಟರು.

"ಒಂದೇ ಇಲ್ವಲ್ಲ," ಎಂದರು ಮಾವ, ಬಾಗಿಲಲ್ಲಿ ನಿಂತುಕೊಂಡೇ.

ನಾವು ಮೂವರೂ ತಿರುಗಿ ನೋಡಿದೆವು. ಮಾವ ಒಳಗೆ ಬಂದು, ಮೂರು ಸಾಲುಗಳನ್ನು ಮುಟ್ಟಿ ತೋರಿಸಿ, ಇವು ಉಳಿದವಕ್ಕಿಂತ ಗಾಢವಾಗಿವೆ, ದೂರದಿಂದಲೇ ಹೊಡೆದು ಕಾಣುತ್ತಿವೆ, ನಿಮಗೆ ಕಾಣುವುದಿಲ್ಲವೇ ಎಂದರು. ಹಸಿರೇ ಕಾಣದವರು ಹಸಿರಿನಲ್ಲಿ ತಪ್ಪು ಹುಡುಕುತ್ತಾರೆ ಎಂದು ನನ್ನ ಗಂಡ ನಕ್ಕ. ಅತ್ತೆ ಮಾತ್ರ ನಗಲಿಲ್ಲ. ನೋಟುಪುಸ್ತಕ ತೆಗೆದು, ಯಾವ ಎರಕಕ್ಕೆ ಯಾರು ಬಣ್ಣ ಹಾಕಿದ್ದು ಎಂದು ನೋಡಿದರು. ಮಾವ ಮುಟ್ಟಿದ ಮೂರು ಸಾಲೂ ನನ್ನ ಗಂಡ ಚಮಚ ಹಿಡಿದಾಗ ಹೊಯ್ದವು. ಅಳತೆ ಎಷ್ಟು ಹಾಕಿದೆ ಎಂದು ಕೇಳಿದರೆ, ಮೂರೂ ಸಲ ಅಮ್ಮನ ಹಾಗೇ ಮೂರು ಚಮಚ ಹಾಕಿದೆ ಎಂದು ಆಣೆ ಮಾಡಿದ. ಹಾಕಿ ತೋರಿಸು ಎಂದರು. ಅವನು ಚಮಚವನ್ನು ಗೋಪುರದ ಹಾಗೆ ತುಂಬಿ ತೋರಿಸಿದ.

ಮರುಗಳಿಗೆಯಿಂದ ಅತ್ತೆಗೆ ಹೊಸ ಹುರುಪು. ಮಾವನನ್ನು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿದರು. ಆ ಅರವತ್ತನ್ನೂ ಕರಗಿಸಿ, ಬಿಳಿ ಮೇಣ ಸೇರಿಸಿ, ಹನಿ ಬಿಟ್ಟು ಆರಿಸಿ ಅವರ ಮುಂದೆ ಹಿಡಿಯುವುದು. ಬಣ್ಣ ಯಾವುದೆಂದು ಅತ್ತೆ ನೋಡಿಕೊಂಡರು, ಎಷ್ಟು ಗಾಢ ಎಂದು ಮಾವ ಹೇಳಿದರು. ಬಣ್ಣದ ಗದ್ದಲವಿಲ್ಲದ ಅವರ ಕಣ್ಣಿಗೆ ಬೆಳಕು ನೆರಳಿನ ವ್ಯತ್ಯಾಸ ನಮಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು ಎಂದು ಮಾವ ಕೈ ಎತ್ತಿದರೆ ಅತ್ತೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವತ್ತು ಅವರಿಬ್ಬರನ್ನೂ ನೋಡುವುದಕ್ಕೆ ಎರಡು ಕಣ್ಣು ಸಾಲದು. ಮೈಗೆಲ್ಲ ಮೇಣ ಮೆತ್ತಿಕೊಂಡು, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿದು, ಕಣ್ಣಾಮುಚ್ಚಾಲೆ ಆಡುವ ಮಕ್ಕಳ ಹಾಗೆ ಕಿಸಿಕಿಸಿ ನಗುತ್ತಿದ್ದರು.

ಶನಿವಾರ ನಾಲ್ಕು ಗಂಟೆಗೆ ಅಳತೆ ಮೇಡಂ ಊಟದ ಮನೆಯ ಕಿಟಕಿಯ ಹತ್ತಿರ ಪರದೆಗೆ ಮೇಣದ ಬತ್ತಿ ತಾಗಿಸಿ ಹಿಡಿದರು. ಪರದೆ ಎಲ್ಲಿ ಮುಗಿದು ಮೇಣ ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗಿರಲಿಲ್ಲ. ಅವರು ಟೇಪು ತೆಗೆದು ಉದ್ದ ಅಳೆಯಲು ಕೂತರು. ನೂರ ಅರವತ್ತನ್ನೂ ಅಳೆದರು. ಮಾವ ಪಕ್ಕದಲ್ಲಿ ನಿಂತು ಒಂದೊಂದನ್ನೂ ಪ್ರೀತಿಯಿಂದ ಎತ್ತಿ ಕೊಟ್ಟರು. ಅಳೆಯುವುದರಲ್ಲಿ ಇಷ್ಟು ಶ್ರದ್ಧೆಯಿರುವ ಮನುಷ್ಯರನ್ನು ಬಹಳ ದಿನದ ಮೇಲೆ ಕಂಡೆ ಎಂದು ವಾಪಸು ಬರುವ ದಾರಿಯಲ್ಲಿ ಮಾವ ಆಕೆಯನ್ನು ಹೊಗಳಿದರು. ಮುಂದಿನ ತಿಂಗಳಿಂದ ಆ ವಸತಿಗೃಹಕ್ಕೆ ಮೇಣದ ಬತ್ತಿ ಕಳಿಸುವುದು ನಮಗೆ ಖಾಯಂ ಆಯಿತು.

ಇಟ್ಟಿಗೆ ಬಣ್ಣದ ನೂರ ಅರವತ್ತನ್ನು ಯಾರೂ ಕೇಳಲಿಲ್ಲ. ಕರೆಂಟು ಹೋದಾಗೆಲ್ಲ ನಾವೇ ಹಚ್ಚಿ ಎರಡು ವರ್ಷ ಉರಿಸಿದೆವು. ಮನೆಯಲ್ಲಿ ಆ ಬಣ್ಣಕ್ಕೆ ಇವತ್ತಿಗೂ ಹೆಸರು 'ಮಾವನ ಹಸಿರು'. ನನ್ನ ಗಂಡ ಒಂದು ದಿನ ಬಟ್ಟೆಯಂಗಡಿಯಲ್ಲಿ ಮಾವನ ಹಸಿರು ಪ್ಯಾಂಟು ತೋರಿಸಿ ಎಂದು ಕೇಳಿ ಪೆಚ್ಚಾಗಿ ಬಂದ.

ಆದರೆ ಅತ್ತೆಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ತಾನು ಮಾಡುವ ಬಣ್ಣಗಳಲ್ಲಿ ಮುಕ್ಕಾಲು ಪಾಲು ಮನೆಯ ಯಜಮಾನರಿಗೇ ತಲುಪುತ್ತಿಲ್ಲ ಎಂಬುದು ಅವರಿಗೆ ಹೊಟ್ಟೆಯೊಳಗಿನ ಹುಳದ ಹಾಗೆ ಕೊರೆಯತೊಡಗಿತು. ಒಂದು ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ ಮಾವನನ್ನು ಮೇಜಿನ ಮುಂದೆ ಕೂರಿಸಿ, ಎರಡೆರಡು ಹನಿಗಳನ್ನು ಅವರ ಮುಂದಿಟ್ಟು, ಇವೆರಡೂ ಬೇರೆಯೋ ಒಂದೇಯೋ ಎಂದು ಕೇಳಲು ಶುರು ಮಾಡಿದರು. ಮೂರು ವಾರ ದಿನಾ ಒಂದು ಗಂಟೆ ಇದೇ ಕೆಲಸ. ಗುಲಾಬಿಯೂ ಬೂದು ಬಣ್ಣವೂ ಒಂದೇ ಎಂದರು ಮಾವ. ನೇರಳೆಯೂ ನೀಲಿಯೂ ಒಂದೇ. ಅತ್ತೆ ಪ್ರತಿಯೊಂದನ್ನೂ ಬರೆದುಕೊಂಡರು. ಆಮೇಲೆ ತಮ್ಮ ಕಣ್ಣನ್ನು ಬದಿಗಿಟ್ಟು ಮಾವನ ಕಣ್ಣಿಗೆ ಬಣ್ಣ ಕಲಸತೊಡಗಿದರು. ಕೆಂಪಿಗೆ ಎಷ್ಟು ನೀಲಿ ಸೇರಿಸಿದರೆ ಅದು ಅವರಿಗೆ ಹಸಿರಿನಿಂದ ಬೇರೆಯಾಗುತ್ತದೆ, ಹಸಿರಿಗೆ ಎಷ್ಟು ಹಳದಿ ಸುರಿದರೆ ಅದು ಕಂದಿನಿಂದ ಬಿಡಿಸಿಕೊಳ್ಳುತ್ತದೆ, ಯಾವುದನ್ನು ಎಷ್ಟು ತೆಳುವಾಗಿಸಬೇಕು, ಯಾವುದನ್ನು ಎಷ್ಟು ಗಾಢವಾಗಿಸಬೇಕು. ನಮ್ಮ ಕಣ್ಣಿಗೆ ಆ ಕೆಂಪು ಕೆಂಪಲ್ಲ, ಹಸಿರು ಹಸಿರಲ್ಲ, ವಿಚಿತ್ರವಾಗಿ ಕಾಣುತ್ತಿದ್ದವು. ಜೀವನವಿಡೀ ಒಂದು ಎಳೆ ದಾರ ತಪ್ಪಿದರೆ ಸಹಿಸದ ಅತ್ತೆ ಆ ತಪ್ಪು ಬಣ್ಣಗಳನ್ನು ಹಲ್ಲು ಕಚ್ಚಿಕೊಂಡು ಮಾಡಿದರು. ಇದ್ದ ಹಲ್ಲುಗಳಲ್ಲಿ.

ಒಟ್ಟು ಒಂಬತ್ತು ಮೇಣದ ಬತ್ತಿಗಳಾದವು. ಒಂದು ಭಾನುವಾರ ಬೆಳಿಗ್ಗೆ ಒಳ್ಳೆಯ ಬಿಸಿಲಿದ್ದಾಗ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ಮಾವನನ್ನು ಕೈ ಹಿಡಿದು ಕರೆತಂದರು.

ಮಾವ ನಿಂತು ನೋಡಿದರು. ಎಡದಿಂದ ಬಲಕ್ಕೆ ನೋಡಿದರು, ಬಲದಿಂದ ಎಡಕ್ಕೆ ನೋಡಿದರು. ಬೆರಳು ಮಡಚಿ ಲೆಕ್ಕ ಹಾಕಿದರು.

"ಒಂಬತ್ತೂ ಬೇರೆ ಬೇರೆ," ಎಂದರು ಕೊನೆಗೆ, ನಂಬದವರ ಹಾಗೆ.

ಬೆನ್ನು ತಿರುಗಿಸಿ ನಿಲ್ಲಿ ಎಂದು ಅತ್ತೆ ಅವುಗಳನ್ನು ಅದಲು ಬದಲು ಮಾಡಿದರು. ಮಾವ ತಿರುಗಿ, ಮೊದಲಿದ್ದ ಕ್ರಮಕ್ಕೆ ಒಂದೂ ತಪ್ಪದೆ ಜೋಡಿಸಿದರು. ಇನ್ನೊಂದು ಸಲ ಎಂದರು. ಇನ್ನೂ ಒಂದು ಸಲ. ಹತ್ತು ಸಲವಾದ ಮೇಲೆ ಅತ್ತೆಗೆ ಸುಸ್ತಾಯಿತು, ನಾನು ಕಲೆಸಿಟ್ಟೆ. ಆಮೇಲೆ ನನ್ನ ಗಂಡ. ಆಮೇಲೆ ಮಾವ ಬೀದಿಗೆ ಹೋಗಿ ಕ್ಷೌರದಂಗಡಿಯವನನ್ನೂ, ಅರ್ಧ ಕ್ಷೌರವಾಗಿದ್ದ ಅವನ ಗಿರಾಕಿಯನ್ನೂ ಕರೆದುಕೊಂಡು ಬಂದರು. ಅಳೆದು ತೂಗಿ ಮಾತಾಡುವ ಆ ಮನುಷ್ಯ ಅವತ್ತು ಒಂದೇ ಸಮ ಮಾತಾಡಿದರು. ಸೋಪಿನ ನೊರೆ ಮೆತ್ತಿಕೊಂಡಿದ್ದ ಗಿರಾಕಿ ಕಲೆಸಿಟ್ಟದ್ದನ್ನೂ ಸರಿಯಾಗಿ ಜೋಡಿಸಿ, ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿಕೊಂಡರು. ಅತ್ತೆ ಬಾಗಿಲಿಗೊರಗಿ ನಿಂತು, ಕೆನ್ನೆ ನೋಯುವಷ್ಟು ನಗುತ್ತಿದ್ದರು.

ಈ ಬಣ್ಣಗಳಿಗೆ ಹೆಸರು ಮಾತ್ರ ನೀವೇ ಇಡಬೇಕು, ನನ್ನ ಕಣ್ಣಿನ ಹೆಸರು ಇವಕ್ಕೆ ನಡೆಯುವುದಿಲ್ಲ ಎಂದು ಅತ್ತೆ ನೋಟುಪುಸ್ತಕವನ್ನು ಅವರ ಮುಂದೆ ಇಟ್ಟರು. ಮಾವ ಮಧ್ಯಾಹ್ನವಿಡೀ ಕಿಟಕಿಯ ಹತ್ತಿರ ಕೂತು ಎಂಟು ಹೆಸರು ಬರೆದರು. 'ಹೊಸ ಅಂಟು'. 'ಕೋರ್ಟಿನ ದಫ್ತರ'. 'ಬೆಳಗಿನ ಆರು ಗಂಟೆ'. ಕೆಂಪಲ್ಲದ ಆ ಕೆಂಪಿಗೆ 'ಇದೇನಾ ಅದು' ಎಂದು ಬರೆದಿದ್ದರು. ಒಂಬತ್ತನೆಯದರ ಮುಂದೆ ಜಾಗ ಖಾಲಿಯಿತ್ತು. ಅದಕ್ಕೆ ಯಾವಾಗ ಹೆಸರಿಡುತ್ತೀರಿ ಎಂದು ಅತ್ತೆ ಕೇಳಿದರು.

"ಇರು," ಎಂದರು ಮಾವ, ಮೇಣದ ಬತ್ತಿಯನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಾ. "ಇನ್ನೂ ನೋಡ್ತಿದ್ದೀನಿ."